ಮರುಬಳಕೆ ಪ್ಲಾಸ್ಟಿಕ್ ಹಲಗೆ: ಬೆಂಕಿಯ ಪರೀಕ್ಷೆ ಒಂದು ದಿನದ್ದಾಗದಿರಲಿ

ಇಟ್ಟಮಡುವಿನಂತಹ ಬಡಾವಣೆಗಳ ಮನೆಗಳಿಂದ ನಿತ್ಯ ಹೊರಬೀಳುವ ಪ್ಲಾಸ್ಟಿಕ್ ತ್ಯಾಜ್ಯಕ್ಕೆ ಬೆಂಗಳೂರು ಕಂಡುಕೊಂಡ ಒಂದು ಮಾರ್ಗ ರಸ್ತೆ. 2002ರ ಸುಮಾರಿನಲ್ಲಿ ನಗರದಲ್ಲಿ ಅದನ್ನು ಡಾಂಬರಿಗೆ ಬೆರೆಸುವ ಕಾರ್ಯ ಆರಂಭವಾಯಿತು. ಅಂತಹದೇ ತ್ಯಾಜ್ಯಕ್ಕೆ ಮರದ ಪುಡಿ ಅಥವಾ ಭತ್ತದ ಹೊಟ್ಟನ್ನು ಸೇರಿಸಿ ಹಲಗೆ, ಬಾಗಿಲುಗಳನ್ನೂ ತಯಾರಿಸಬಹುದಾಗಿದೆ. ಜಲ್ಲಿಯ ನಡುವೆ ಅಡಗಿದ ಅಲ್ಪ ಪ್ಲಾಸ್ಟಿಕ್ಕಿನಿಂದ ಬೆಂಕಿಯ ಭಯ ಕಡಿಮೆ. ಜನರು ಮಲಗುವ ಕೋಣೆಯ ಗೋಡೆಗೆ ಆ ಮಾತು ಸಲ್ಲದು. ಪಾಲಿಥಿನ್, ಪಾಲಿಪ್ರೊಪಿಲೀನ್‌ಗಳು ಉರಿಯುತ್ತಲೇ ಕರಗಿ ತೊಟ್ಟಿಕ್ಕುತ್ತವೆ.

ಇದಕ್ಕೆ ಪರಿಹಾರಗಳಿವೆ, ಆದರೆ ಯಾವುದೂ ಪುಕ್ಕಟೆಯಲ್ಲ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಾವಿ ಬಿಡಲಾರಂಭಿಸುವುದರಿಂದ ಪಾಲಿಪ್ರೊಪಿಲೀನ್ ಕರಗಿಸುವ ಯಂತ್ರದಲ್ಲೇ ಗುಳ್ಳೆ ಏಳುವ ಸಂಭವವಿದೆ. ಮೆಗ್ನೀಷಿಯಂ ಹೈಡ್ರಾಕ್ಸೈಡ್ 300 ಡಿಗ್ರಿಯವರೆಗೆ ತಾಳುತ್ತದೆ. ಆದರೆ ಅದು ತೂಕದ ಅರ್ಧಕ್ಕೂ ಮಿಗಿಲಾಗಿ ಬೇಕಾಗಬಹುದು, ಆಗ ಹಲಗೆ ಬಿರುಸಾಗುತ್ತದೆ. ಅಮೋನಿಯಂ ಪಾಲಿಫಾಸ್ಫೇಟ್ ಕಡಿಮೆ ಸಾಕು, ಆದರೆ ಲೇಪನವಿಲ್ಲದಿದ್ದರೆ ತೇವದಲ್ಲಿ ಕ್ರಮೇಣ ಕರಗಿ ಹೊರಹೋಗುತ್ತದೆ. ಬ್ರೋಮಿನ್ ಆಧಾರಿತ ಡೆಕಾಬಿಡಿಇ 2017ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. ಹಳೆಯ ಟಿವಿ, ಕಂಪ್ಯೂಟರುಗಳ ಕವಚವನ್ನು ವಿಂಗಡಿಸದೆ ಬೆರೆಸಿದರೆ ಅಂತಹ ರಾಸಾಯನಿಕ ಹಿಂಬಾಗಿಲಿನಿಂದ ಒಳಬರುತ್ತದೆ.

ನಮ್ಮ ಹವೆ ಈ ಸಮಸ್ಯೆಯನ್ನು ಇಮ್ಮಡಿಗೊಳಿಸುತ್ತದೆ. ಬೆಂಗಳೂರಿನ ಹಿತಕರ ಹವೆಯಲ್ಲಿ ಬಾಳಿದ ಹಲಗೆ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುವ ಮಂಗಳೂರಿನಲ್ಲಾಗಲಿ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಾಗಲಿ ಬಾಳೀತೆಂಬ ಭರವಸೆಯಿಲ್ಲ. ಹೊಟ್ಟು ನೀರು ಹೀರಿ ಉಬ್ಬುತ್ತದೆ, ಬಿಸಿಲು ಮೇಲ್ಮೈಯನ್ನು ಸೀಳುತ್ತದೆ. ಹೊಟ್ಟನ್ನು ಪೂರ್ಣವಾಗಿ ಒಣಗಿಸುವುದು, ಮೆಲಾಯಿಕ್ ಅನ್‌ಹೈಡ್ರೈಡ್ ಕಸಿಮಾಡಿದ ಪಾಲಿಮರ್‌ನಿಂದ ಅದನ್ನು ಬೆಸೆಯುವುದು, ಬಿಸಿಲಿಗೆ ಕಾರ್ಬನ್ ಬ್ಲ್ಯಾಕ್ ಸೇರಿಸುವುದು ಅತ್ಯವಶ್ಯ.

ಆದುದರಿಂದ ತಯಾರಾದ ದಿನ ಬೆಂಕಿ ತಡೆದರೆ ಸಾಲದು. ಬಿಸಿಲು, ತೇವಗಳಲ್ಲಿ ಹಣ್ಣಾದ ಮಾದರಿಯನ್ನೂ ಮತ್ತೊಮ್ಮೆ ಪರೀಕ್ಷೆಗೊಳಪಡಿಸಬೇಕು. ಇಷ್ಟು ವೆಚ್ಚವನ್ನು ಸಣ್ಣ ಘಟಕವೊಂದು ಒಂಟಿಯಾಗಿ ಭರಿಸುವುದು ಕಷ್ಟವೆಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕೆಂದೇ ಮೈಸೂರಿನ ಸಿಪೆಟ್, ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಗಳ ನೆರವಿನಿಂದ ಹಲವು ಘಟಕಗಳು ಒಟ್ಟಾಗಿ ಮಾದರಿ ಪರೀಕ್ಷಿಸಿಕೊಳ್ಳುವ ವ್ಯವಸ್ಥೆಯನ್ನು ವಾಣಿಜ್ಯ ಸಂಸ್ಥೆಗಳು ರೂಪಿಸಬೇಕು. ಸರ್ಕಾರಿ ಟೆಂಡರುಗಳೂ ಕನಿಷ್ಠ ಬೆಲೆಯೊಡನೆ ಈ ಎರಡನೆಯ ಪರೀಕ್ಷೆಯ ವರದಿಯನ್ನು ಕೇಳಬೇಕು. ಒಂದು ಹಲಗೆ ಹೊತ್ತಿ ಉರಿದರೆ ಕಳೆದುಹೋಗುವುದು ಒಬ್ಬ ತಯಾರಕನ ಹೆಸರಲ್ಲ, ಇಡೀ ಉದ್ಯಮದ ಮೇಲಿನ ವಿಶ್ವಾಸ. ಅದನ್ನು ಮರಳಿ ಗಳಿಸುವ ವೆಚ್ಚದ ಮುಂದೆ ಪರೀಕ್ಷೆಯ ಶುಲ್ಕ ಅಲ್ಪವೇ ಸರಿ.