ಆಮ್ಲದ ಬಲಾಬಲ: ಬಾಯಿಪಾಠವೋ ಲೆಕ್ಕಾಚಾರವೋ?

ಮಂಗಳೂರಿನ ಕೊಡಿಯಾಲ್‌ಬೈಲಿನ ಆಸುಪಾಸಿನಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ. ಅಲ್ಲಿನ ವಿಜ್ಞಾನದ ವಿದ್ಯಾರ್ಥಿಯೊಬ್ಬನನ್ನು, ಹೈಡ್ರೋಫ್ಲೋರಿಕ್ ಮತ್ತು ಹೈಡ್ರಯಾಡಿಕ್ ಆಮ್ಲಗಳಲ್ಲಿ ಯಾವುದು ಪ್ರಬಲವೆಂದು ಕೇಳಿದರೆ, ಎರಡನೆಯದೆಂಬ ಸರಿಯಾದ ಉತ್ತರವು ಥಟ್ಟನೆ ಬರುತ್ತದೆ. ಏಕೆಂದು ಕೇಳಿದರೆ ಮಾತ್ರ ಮೌನ. ಈ ಮೌನವು ವಿದ್ಯಾರ್ಥಿಯ ದೋಷವಲ್ಲ, ಬೋಧಕರಾದ ನಮ್ಮ ದೋಷವೆಂಬುದೇ ನಮ್ಮ ಅಭಿಪ್ರಾಯ.

ನಾವು ಕಲಿಸುವುದು ಎರಡು ಸೂತ್ರಗಳನ್ನು. ಆವರ್ತ ಕೋಷ್ಟಕದ ಒಂದೇ ಸಾಲಿನಲ್ಲಿ ಮುಂದೆ ಸಾಗಿದಂತೆ, ಮೀಥೇನ್, ಅಮೋನಿಯ, ನೀರು, ಹೈಡ್ರೋಜನ್ ಫ್ಲೋರೈಡ್ ಎಂಬ ಕ್ರಮದಲ್ಲಿ ಆಮ್ಲಗುಣವು ಹೆಚ್ಚುತ್ತದೆ. ಎಲೆಕ್ಟ್ರಾನನ್ನು ಸೆಳೆಯುವ ಶಕ್ತಿ ಹೆಚ್ಚುವುದೇ ಇದಕ್ಕೆ ಕಾರಣವೆನ್ನುತ್ತೇವೆ. ಫ್ಲೋರಿನ್ನಿನಿಂದ ಅಯೊಡಿನ್ನಿಗೆ ಕೆಳಗಿಳಿದಾಗಲೂ ಆಮ್ಲಗುಣವು ಹೆಚ್ಚುತ್ತದೆ. ಆದರೆ ಅಲ್ಲಿ ಆ ಸೆಳೆತವು ಕುಗ್ಗುತ್ತ ಹೋಗುತ್ತದೆ! ಒಂದೆಡೆ ಕಾರಣವಾದುದು ಮತ್ತೊಂದೆಡೆ ಕಾರಣವಾಗದಿರುವುದು ಹೇಗೆ?

ಭೌತವಿಜ್ಞಾನದ ದೃಷ್ಟಿಯಿಂದ ಇದು ಬರಿಯ ಜಮಾಖರ್ಚಿನ ಪ್ರಶ್ನೆ. ನೀರಿನಲ್ಲಿ ಪ್ರೋಟಾನನ್ನು ಬಿಟ್ಟುಕೊಡಬೇಕಾದರೆ ಮೊದಲು ಬಂಧವನ್ನು ಮುರಿಯಬೇಕು, ಅದು ವೆಚ್ಚ. ಉಳಿದ ಭಾಗವು ಎಲೆಕ್ಟ್ರಾನನ್ನು ಪಡೆಯುವುದೂ, ಆ ಅಯಾನನ್ನು ನೀರು ಅಪ್ಪಿಕೊಳ್ಳುವುದೂ ಆದಾಯ. ಮೀಥೇನಿನಿಂದ ಹೈಡ್ರೋಜನ್ ಫ್ಲೋರೈಡಿಗೆ ಬಂದಾಗ ಬಂಧದ ವೆಚ್ಚವು ಮೋಲಿಗೆ ಸುಮಾರು 130 ಕಿಲೋಜೌಲ್ ಏರುತ್ತದೆ. ಎಲೆಕ್ಟ್ರಾನಿನಿಂದ ಬರುವ ಆದಾಯವಾದರೋ ಸುಮಾರು 320ರಷ್ಟು ಏರುತ್ತದೆ. ಇಲ್ಲಿ ಗೆಲ್ಲುವುದು ಸೆಳೆತ. ಹೈಡ್ರೋಜನ್ ಫ್ಲೋರೈಡಿನಿಂದ ಅಯೊಡೈಡಿಗೆ ಇಳಿದಾಗ ಬಂಧದ ವೆಚ್ಚವು ಸುಮಾರು 570ರಿಂದ 298ಕ್ಕೆ ಕುಸಿಯುತ್ತದೆ. ಎಲೆಕ್ಟ್ರಾನಿನ ಆದಾಯವು 328ರಿಂದ 295ಕ್ಕೆ ಮಾತ್ರ ಇಳಿಯುತ್ತದೆ. ಪುಟ್ಟ ಫ್ಲೋರೈಡ್ ಅಯಾನನ್ನು ನೀರು ಬಿಗಿಯಾಗಿ ಸುತ್ತುವರಿದು ಈ ಅಂತರದ ಬಹುಪಾಲನ್ನು ತುಂಬಿಕೊಡುವುದೇನೋ ನಿಜ. ಆದರೆ ಹಾಗೆ ಕಟ್ಟುಬಿದ್ದ ನೀರಿನ ಅಣುಗಳು ತಮ್ಮ ಸ್ವೈರ ಸಂಚಾರವನ್ನು ಕಳೆದುಕೊಳ್ಳುವುದೂ ಒಂದು ವೆಚ್ಚವೇ. ಕೊನೆಗೆ ಉಳಿಯುವ ಬಾಕಿಯಿಂದಾಗಿ, ಲೀಟರಿಗೆ 0.1 ಮೋಲ್ ಇರುವ ದ್ರಾವಣದಲ್ಲಿ ಹೈಡ್ರೋಜನ್ ಫ್ಲೋರೈಡಿನ ನೂರು ಅಣುಗಳಲ್ಲಿ ಸುಮಾರು ಎಂಟು ಮಾತ್ರ ಒಡೆದಿರುತ್ತವೆ. ಹೈಡ್ರೋಜನ್ ಅಯೊಡೈಡ್ ಬಹುಮಟ್ಟಿಗೆ ಪೂರ್ತಿಯಾಗಿ ಒಡೆಯುತ್ತದೆ. ಸೂತ್ರಗಳು ಎರಡಾದರೂ ಲೆಕ್ಕವು ಒಂದೇ.

ಇದು ಪರೀಕ್ಷೆಯ ಅಂಕಗಳಿಗಷ್ಟೇ ಸಂಬಂಧಿಸಿದ ವಿಚಾರವಲ್ಲ. ಅರ್ಥವರಿಯದೆ 'ದುರ್ಬಲ' ಎಂಬ ಪದವನ್ನು ಕಲಿತವನು ಅದನ್ನು 'ನಿರಪಾಯ' ಎಂದು ತಿಳಿಯುವ ಸಂಭವವುಂಟು. ದುರ್ಬಲವಾದ ಹೈಡ್ರೋಫ್ಲೋರಿಕ್ ಆಮ್ಲವು ಗಾಜನ್ನು ಕೊರೆಯುತ್ತದೆ; ಚರ್ಮದ ಮೂಲಕ ಒಳಹೊಕ್ಕು ದೇಹದ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕಿ ಪ್ರಾಣಕ್ಕೇ ಎರವಾಗಬಲ್ಲದು. ಹೈಡ್ರೋಜನ್ ಸಲ್ಫೈಡ್ ಇನ್ನೂ ದುರ್ಬಲವಾದ ಆಮ್ಲ, ಆದರೂ ಘೋರ ವಿಷ. ಮತ್ತೊಂದು ಕಡೆ, ಈ ದೌರ್ಬಲ್ಯವೇ ಉಪಕಾರಿಯೂ ಹೌದು. ನಮ್ಮ ನಗರದ ಉತ್ತರಕ್ಕೆ ಕುತ್ತೆತ್ತೂರಿನಲ್ಲಿರುವಂಥ ತೈಲ ಶುದ್ಧೀಕರಣಾಗಾರಗಳಲ್ಲಿ, ಅಮೋನಿಯದ ಬಂಧುಗಳಾದ ಅಮೀನುಗಳ ದ್ರಾವಣವು ಈ ಅನಿಲವನ್ನು ಹಿಡಿದಿಡುತ್ತದೆ, ಕಾಯಿಸಿದರೆ ಬಿಟ್ಟುಕೊಡುತ್ತದೆ. ಬಳಿಕ ಅದರಿಂದ ಗಂಧಕವನ್ನು ಪಡೆಯುತ್ತಾರೆ. ಅದು ಪ್ರಬಲ ಆಮ್ಲವಾಗಿದ್ದರೆ ಹಿಡಿದುದನ್ನು ಬಿಡಿಸುವುದು ಇಷ್ಟು ಸುಲಭವಾಗುತ್ತಿರಲಿಲ್ಲ.

ಆದುದರಿಂದ ಬೋಧಕರು ಕ್ರಮವನ್ನು ಒಪ್ಪಿಸುವಂತೆ ಕೇಳುವ ಮೊದಲು ಲೆಕ್ಕವನ್ನು ಬಿಡಿಸಿ ತೋರಿಸಲಿ. ವಿದ್ಯಾರ್ಥಿಗಳೂ 'ಏಕೆ' ಎಂದು ಕೇಳಲು ಸಂಕೋಚಪಡದಿರಲಿ. ಉತ್ತರವು ಸರಿಯಾಗಿದ್ದ ಮಾತ್ರಕ್ಕೆ ವಿಷಯವು ತಿಳಿದಂತಾಗುವುದಿಲ್ಲ.