ಹೊಣೆಗಾರಿಕೆಯು ಅಂತಸ್ತಾದಾಗ ಮನೆಯಲ್ಲಿ ನೆಮ್ಮದಿ ಉಳಿಯುವುದೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ನಮ್ಮ ಬಹುತೇಕ ಮನೆಗಳಲ್ಲಿ ‘ಸುಖವಾದ ಬದುಕು’ ಎಂಬುದಕ್ಕೆ ಸಿದ್ಧ ಉತ್ತರವೊಂದಿದೆ. ಗಂಡನಿಗೆ ಗಲ್ಫಿನಲ್ಲಿ ಉದ್ಯೋಗ, ಊರಿನಲ್ಲೊಂದು ಎರಡಂತಸ್ತಿನ ಮನೆ, ಮಗಳಿಗೆ ಮೈತುಂಬ ಚಿನ್ನ, ಬಿ.ಸಿ. ರೋಡಿನಿಂದ ಗುರುವಾಯನಕೆರೆಯವರೆಗಿನ ಬಂಧುಗಳೆಲ್ಲ ನೆನಪಿಡುವಂತಹ ಮದುವೆ. ಇದರಲ್ಲಿ ತಪ್ಪೇನಿದೆ ಎಂದು ಕೇಳಬಹುದು. ದುಡಿಯುವುದಾಗಲಿ, ಮನೆ ಕಟ್ಟುವುದಾಗಲಿ ತಪ್ಪಲ್ಲ. ಹಲಾಲಾದ ಸಂಪಾದನೆಯು ಇಸ್ಲಾಮಿನಲ್ಲಿ ಪುಣ್ಯಕಾರ್ಯವೇ ಆಗಿದೆ. ಆದರೆ ಈ ಪಟ್ಟಿಯನ್ನು ಪೂರೈಸುವುದಕ್ಕಾಗಿ ಗಂಡು, ಹೆಣ್ಣು, ಮಕ್ಕಳು ಎಲ್ಲರನ್ನೂ ಒಂದೊಂದು ಉಪಕರಣವನ್ನಾಗಿ ಮಾಡಿ, ಆ ವ್ಯವಸ್ಥೆಗೆ ದೀನ್‌ನ ಹೆಸರು ಕೊಟ್ಟಿದ್ದೇವಲ್ಲ, ಅದು ತಪ್ಪು. ಅದನ್ನು ತಪ್ಪೆಂದು ಹೇಳಲೇಬೇಕಾಗಿದೆ.

ಸಮಾಜದಲ್ಲಿ ಪ್ರತಿಯೊಬ್ಬನಿಗೂ ಒಂದು ಸ್ಥಾನವಿದೆ ಎಂಬುದನ್ನು ಇಸ್ಲಾಮ್ ಒಪ್ಪುತ್ತದೆ. ಆದರೆ ಆ ಸ್ಥಾನವನ್ನು ಅದು ಅಂತಸ್ತಿನ ಭಾಷೆಯಲ್ಲಿ ಹೇಳುವುದಿಲ್ಲ, ಹೊಣೆಯ ಭಾಷೆಯಲ್ಲಿ ಹೇಳುತ್ತದೆ. ನಿಮ್ಮಲ್ಲಿ ಪ್ರತಿಯೊಬ್ಬರೂ ಮೇಯಿಸುವವರು, ಪ್ರತಿಯೊಬ್ಬರೂ ತಮ್ಮ ಮಂದೆಯ ಕುರಿತು ವಿಚಾರಿಸಲ್ಪಡುವವರು ಎಂದು ಪ್ರವಾದಿ(ಸ) ಕಲಿಸಿರುವರು. ಆ ಹದೀಸಿನಲ್ಲಿ ಆಡಳಿತಗಾರನೂ ಇದ್ದಾನೆ, ಮನೆಯ ಯಜಮಾನನೂ ಇದ್ದಾನೆ, ಗೃಹಿಣಿಯೂ ಇದ್ದಾಳೆ, ಸೇವಕನೂ ಇದ್ದಾನೆ. ಯಾರು ಮೇಲು, ಯಾರು ಕೀಳು ಎಂಬ ಪ್ರಶ್ನೆ ಅಲ್ಲಿಲ್ಲ. ಯಾರಿಂದ ಯಾವ ಲೆಕ್ಕ ಕೇಳಲಾಗುವುದು ಎಂಬುದೇ ಅಲ್ಲಿನ ವಿಷಯ. ನಾವಾದರೋ ಲೆಕ್ಕವನ್ನು ಮರೆತು ಯಜಮಾನಿಕೆಯನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಮೊದಲು ಪುರುಷನ ಸ್ಥಿತಿಯನ್ನೇ ನೋಡೋಣ. ಇಪ್ಪತ್ತರ ಹರೆಯದಲ್ಲಿ ವಿಮಾನವೇರಿದವನು ಎರಡು ವರ್ಷಕ್ಕೊಮ್ಮೆ, ಎರಡು ತಿಂಗಳ ರಜೆಗೆ ಬರುತ್ತಾನೆ. ಸಹೋದರಿಯರ ಮದುವೆ, ಮನೆಯ ಸಾಲ, ಮಕ್ಕಳ ಶುಲ್ಕ ಎಂದು ಅವನ ಯೌವನ ಮುಗಿದುಹೋಗುತ್ತದೆ. ಮನೆಯವರಿಗೆ ಅವನ ಧ್ವನಿ ಗೊತ್ತು, ಅವನು ಕಳುಹಿಸುವ ಹಣ ಗೊತ್ತು. ಅವನ ದಣಿವು ಗೊತ್ತಿಲ್ಲ. 2013ರಲ್ಲಿ ಸೌದಿ ಅರೇಬಿಯದ ನಿತಾಖತ್ ಬಿಗಿಯಾದಾಗಲೂ, 2020ರಲ್ಲಿ ಕೋವಿಡ್ ಬಂದಾಗಲೂ ಕರಾವಳಿಯ ಅನೇಕರು ಕೆಲಸ ಕಳೆದುಕೊಂಡು ಊರಿಗೆ ಮರಳಿದರು. ಹಣ ಕಳುಹಿಸುವವನೆಂಬ ಒಂದೇ ಪಾತ್ರವಿದ್ದವನು ಆ ಪಾತ್ರ ಮುಗಿದ ದಿನ ತನ್ನ ಮನೆಯಲ್ಲೇ ಅತಿಥಿಯಂತಾಗುತ್ತಾನೆ. ಮಕ್ಕಳಿಗೆ ಅವನಲ್ಲಿ ಸಲುಗೆಯಿರುವುದಿಲ್ಲ, ಪತ್ನಿಗೆ ಅವನ ಅಭ್ಯಾಸಗಳ ಪರಿಚಯವಿರುವುದಿಲ್ಲ. ತಂದೆಯನ್ನು ನಾವು ತಂದೆಯಾಗಲು ಬಿಡದೆ ಇದ್ದುದರ ಫಲವಿದು.

ಪುರುಷರು ಸ್ತ್ರೀಯರ ಮೇಲ್ವಿಚಾರಕರು ಎಂಬ ಅನ್ನಿಸಾ ಅಧ್ಯಾಯದ 34ನೇ ಸೂಕ್ತವು ನಮ್ಮ ಗಂಡಸರಿಗೆ ಬಾಯಿಪಾಠ. ಅದೇ ಅಧ್ಯಾಯದ 19ನೇ ಸೂಕ್ತದಲ್ಲಿ, ಪತ್ನಿಯರೊಂದಿಗೆ ಉತ್ತಮ ರೀತಿಯಲ್ಲಿ ಬಾಳಬೇಕೆಂಬ ಆಜ್ಞೆಯಿರುವುದು ಎಷ್ಟು ಮಂದಿಗೆ ನೆನಪಿದೆ? ಪ್ರವಾದಿ(ಸ) ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದಾಗ, ಅವರು ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಆಯಿಶಾ(ರ) ಉತ್ತರಿಸಿದ್ದು ಸಹೀಹುಲ್ ಬುಖಾರಿಯಲ್ಲಿದೆ. ಉಂಡ ಬಟ್ಟಲನ್ನು ಎತ್ತಿಡುವುದನ್ನೂ ತನ್ನ ಘನತೆಗೆ ಕುಂದೆಂದು ಭಾವಿಸುವವನು ಯಾರ ಸುನ್ನತ್ತನ್ನು ಪಾಲಿಸುತ್ತಿದ್ದಾನೆ?

ಇನ್ನು ಸ್ತ್ರೀಯ ವಿಷಯ. ನಮ್ಮ ಈ ತಾಲೂಕುಗಳಲ್ಲಿ ಎಷ್ಟೋ ಬಡ ಮನೆಗಳು ನಿಂತದ್ದು ಬೀಡಿ ಕಟ್ಟುವ ಹೆಂಗಸರ ಬೆರಳುಗಳ ಮೇಲೆ. ಎಲೆ ಕತ್ತರಿಸಿ, ಹೊಗೆಸೊಪ್ಪಿನ ಧೂಳನ್ನು ಉಸಿರಾಡುತ್ತಾ, ಸಾವಿರದ ಲೆಕ್ಕ ತುಂಬಿಸಿದ ತಾಯಂದಿರು ಮಕ್ಕಳನ್ನು ಓದಿಸಿದರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳನ್ನೂ ಕಾರ್ಮಿಕಳೆಂದು ಗುರುತಿಸಿತು. ಅವಳ ಮನೆ ಮಾತ್ರ ಅವಳನ್ನು ‘ಮನೆಯಲ್ಲೇ ಇರುವವಳು’ ಎಂದಿತು. ಪುರುಷರಿಗೆ ಅವರು ಸಂಪಾದಿಸಿದ್ದರ ಪಾಲಿದೆ, ಸ್ತ್ರೀಯರಿಗೆ ಅವರು ಸಂಪಾದಿಸಿದ್ದರ ಪಾಲಿದೆ ಎಂಬುದು ಕುರ್‌ಆನಿನ ಬೋಧನೆ. ಆದರೆ ಹದಿನಾರರ ಹುಡುಗಿ ಬೀಡಿ ಕಟ್ಟಿ ಕೂಡಿಸಿದ ಹಣ ಅವಳದೇ ವರದಕ್ಷಿಣೆಯ ಚಿನ್ನವಾಗಿ ಇನ್ನೊಬ್ಬರ ಮನೆ ಸೇರಿದ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ತನ್ನನ್ನು ಕೊಳ್ಳಲು ಬಂದವನಿಗೆ ತಾನೇ ಬೆಲೆ ತೆರುವ ಈ ವಿಚಿತ್ರ ವ್ಯಾಪಾರಕ್ಕೆ ನಾವು ಮದುವೆ ಎನ್ನುತ್ತೇವೆ.

ವರದಕ್ಷಿಣೆ ಕಾನೂನಿನ ಪ್ರಕಾರ 1961ರಿಂದಲೇ ಅಪರಾಧ. ಸ್ತ್ರೀಯರಿಗೆ ಅವರ ಮಹ್ರನ್ನು ಸಂತೋಷದಿಂದ ಕೊಡಿರೆಂದು ಆಜ್ಞಾಪಿಸುವ ದೀನ್‌ನಲ್ಲಿ ಅದು ಅದಕ್ಕಿಂತಲೂ ಎಷ್ಟೋ ಮೊದಲೇ ಅಪರಾಧ. ನಿಕಾಹಿನ ಪುಸ್ತಕದಲ್ಲಿ ಮಹ್ರ್‌ನ ಮೊತ್ತ ಬರೆಯಲ್ಪಡುತ್ತದೆ, ಅದರ ಹತ್ತಾರು ಪಟ್ಟು ಹೆಚ್ಚಿನ ಇನ್ನೊಂದು ಮೊತ್ತ ಯಾವ ಪುಸ್ತಕದಲ್ಲೂ ಇರುವುದಿಲ್ಲ. ವರದಕ್ಷಿಣೆಯ ವಿರುದ್ಧ ಅಭಿಯಾನಗಳು ನಡೆದಾಗ ಅದರ ಹೆಸರು ಬದಲಾಯಿತು. ‘ನಾವು ಏನೂ ಕೇಳುವುದಿಲ್ಲ, ನಿಮ್ಮ ಮಗಳಿಗೆ ನೀವು ಹಾಕುವುದನ್ನು ಹಾಕಿ’ ಎಂಬ ಸಭ್ಯ ಮಾತು ಅದಕ್ಕೆ ಮುಸುಕಾಯಿತು.

ಇಂತಹ ಮಾತುಗಳನ್ನಾಡಿದವರನ್ನು ಸಮುದಾಯದ ವಿರೋಧಿಗಳೆಂದು ಕರೆಯುವ ಚಾಳಿ ಹಳೆಯದು. ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗಲೂ ಆಕ್ಷೇಪಗಳೆದ್ದವು. ಅವರ ಎಲ್ಲ ನಿಲುವುಗಳನ್ನು ಒಪ್ಪಬೇಕಾಗಿಲ್ಲ. ಆದರೆ ಆ ಕಾದಂಬರಿಯ ನಾದಿರಾಳ ಬದುಕನ್ನು ಕೆಡಿಸಿದ್ದು ತಂದೆಯ ಹಟ. ಅವನು ಧರ್ಮದ ನಿಯಮವನ್ನು ತನ್ನ ಹಟದ ಆಯುಧವನ್ನಾಗಿ ಮಾಡಿಕೊಂಡನು. ಆ ತಂದೆ ನಮ್ಮ ನಡುವೆ ಇದ್ದಾನೆಯೇ ಎಂದು ಪರಿಶೀಲಿಸುವ ಬದಲು ಲೇಖಕಿಯನ್ನು ದೂಷಿಸುವುದು ಸುಲಭವಾಗಿತ್ತು.

ಇನ್ನೊಂದು ಕಡೆಯಿಂದ ಬೇರೊಂದು ವಾದ ಕೇಳಿಬರುತ್ತದೆ. ಪತಿ, ಪತ್ನಿ, ತಂದೆ, ತಾಯಿ ಎಂಬ ಪಾತ್ರಗಳೇ ಬಂಧನ, ಅವುಗಳನ್ನು ಕಳಚಿ ತನಗಾಗಿ ಬದುಕುವುದೇ ಸುಖ ಎಂದು. ಮೂಡುಬಿದಿರೆಯ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳನ್ನೂ ಈ ವಾದ ಮೊಬೈಲಿನ ಮೂಲಕ ತಲುಪುತ್ತಿದೆ. ಇದೂ ಅರ್ಧ ಸತ್ಯ. ಹೊಣೆಯೇ ಇಲ್ಲದವನು ಸುಖಿಯೇನಲ್ಲ, ಅವನು ಯಾರಿಗೂ ಬೇಡವಾದವನು. ಸಲ್ಮಾನ್(ರ) ತಮ್ಮ ಗೆಳೆಯ ಅಬುದ್ದರ್ದಾ(ರ)ರ ಮನೆಗೆ ಹೋದಾಗ, ಅವರ ಪತ್ನಿ ಮಾಸಿದ ಉಡುಪಿನಲ್ಲಿದ್ದರು. ಅಬುದ್ದರ್ದಾ ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂಬಂತೆ ಬದುಕುತ್ತಿದ್ದರು. ನಿನ್ನ ಪ್ರಭುವಿಗೆ ನಿನ್ನ ಮೇಲೆ ಹಕ್ಕಿದೆ, ನಿನ್ನ ದೇಹಕ್ಕೂ ಹಕ್ಕಿದೆ, ನಿನ್ನ ಮನೆಯವರಿಗೂ ಹಕ್ಕಿದೆ, ಪ್ರತಿಯೊಬ್ಬರ ಹಕ್ಕನ್ನು ಅವರಿಗೆ ಸಲ್ಲಿಸು ಎಂದು ಸಲ್ಮಾನ್ ತಿದ್ದಿದರು. ಪ್ರವಾದಿ(ಸ) ಆ ಮಾತನ್ನು ಸತ್ಯವೆಂದರು. ಆರಾಧನೆಯ ಹೆಸರಿನಲ್ಲೇ ಮನೆಯವರ ಹಕ್ಕನ್ನು ಕಸಿಯಲು ಅನುಮತಿಯಿಲ್ಲದಿದ್ದರೆ, ಎರಡಂತಸ್ತಿನ ಮನೆಯ ಹೆಸರಿನಲ್ಲಿ ಅನುಮತಿ ಎಲ್ಲಿಂದ ಬಂತು?

ಜಮಾಅತ್‌ಗಳು ಮನಸ್ಸು ಮಾಡಿದರೆ ಇದು ಬದಲಾಗದ ವಿಷಯವಲ್ಲ. ನಿಕಾಹನ್ನು ಮಸೀದಿಯಲ್ಲೇ ಸರಳವಾಗಿ ನಡೆಸಲಿ. ಅಲಿಖಿತ ಕೊಡುಕೊಳ್ಳುವಿಕೆ ನಡೆದಿರುವುದು ತಿಳಿದರೆ ಆ ಮದುವೆಯ ಔತಣಕ್ಕೆ ಆಡಳಿತ ಸಮಿತಿಯವರು ಹೋಗದಿರಲಿ. ಖತೀಬರು ಪತ್ನಿಯ ಕರ್ತವ್ಯಗಳ ಕುರಿತು ಹೇಳಿದಷ್ಟೇ ಗಟ್ಟಿಯಾಗಿ ಪತಿಯ ಕರ್ತವ್ಯಗಳ ಕುರಿತೂ ಹೇಳಲಿ. ದುಡಿಯುವ ಹೆಣ್ಣಿನ ಹಣ ಅವಳ ಖಾತೆಯಲ್ಲೇ ಇರಲಿ. ಮನೆಯ ಎರಡನೆಯ ಅಂತಸ್ತನ್ನು ಬಿಟ್ಟು ತಂದೆ ಎರಡು ವರ್ಷ ಮೊದಲೇ ಊರಿಗೆ ಬರುವುದಾದರೆ, ಮನೆಯವರು ಅವನನ್ನು ಹಂಗಿಸದೆ ಬರಮಾಡಿಕೊಳ್ಳಲಿ.

ದಾಂಪತ್ಯದ ಉದ್ದೇಶವನ್ನು ಅರ್ರೂಮ್ ಅಧ್ಯಾಯವು ಮೂರು ಪದಗಳಲ್ಲಿ ಹೇಳುತ್ತದೆ: ನೆಮ್ಮದಿ, ಪ್ರೀತಿ, ಕರುಣೆ. ಅತ್ತಕಾಸುರ್ ಅಧ್ಯಾಯವಾದರೋ, ಹೆಚ್ಚು ಗಳಿಸುವ ಪೈಪೋಟಿಯಲ್ಲೇ ಗೋರಿ ಸೇರುವವರನ್ನು ಎಚ್ಚರಿಸುತ್ತದೆ. ನಮ್ಮ ಮನೆಗಳು ಇವುಗಳಲ್ಲಿ ಯಾವ ಅಧ್ಯಾಯಕ್ಕೆ ಉದಾಹರಣೆಯಾಗಿವೆ ಎಂಬುದನ್ನು ಪ್ರತಿಯೊಬ್ಬರೂ ಇಂದು ರಾತ್ರಿ ತಮ್ಮ ಮನೆಯವರ ಮುಖ ನೋಡಿ ನಿರ್ಧರಿಸಲಿ. ಪ್ರತಿಯೊಬ್ಬರ ಹಕ್ಕನ್ನು ಅವರಿಗೆ ಸಲ್ಲಿಸುವ ಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ, ಆಮೀನ್.