ಕಲಿತದ್ದು ಕೈಜಾರಿದಾಗ

ಮಗು ಮಾತಾಡೋದು ತಡವಾದರೆ ನಮ್ಮ ಮನೆಗಳಲ್ಲಿ ಒಂದು ಸಿದ್ಧ ಉತ್ತರ ಇರುತ್ತೆ. "ಅವರಪ್ಪನೂ ಹಾಗೇ ಇದ್ದ, ಮೂರು ವರ್ಷಕ್ಕೆ ಬಾಯಿ ಬಿಟ್ಟಿದ್ದು." ಎಷ್ಟೋ ಸಲ ಅದು ನಿಜವೂ ಆಗಿರುತ್ತೆ. ಆದರೆ ಬಂದಿದ್ದ ಮಾತೇ ಹೋದರೆ? 'ಅಮ್ಮ', 'ತಾತ' ಅನ್ನುತ್ತಿದ್ದ, ಬಿಸ್ಕೆಟ್ ಹಿಡಿದು ತಾನೇ ತಿನ್ನುತ್ತಿದ್ದ ಒಂದೂವರೆ ವರ್ಷದ ಹುಡುಗಿ ಕೆಲವೇ ತಿಂಗಳಲ್ಲಿ ಎರಡನ್ನೂ ಬಿಟ್ಟುಬಿಟ್ಟರೆ? ಇದಕ್ಕೆ 'ತಡ' ಅನ್ನೋ ಪದ ಹೊಂದಲ್ಲ. ಕಲಿತದ್ದನ್ನು ಮಗು ಕಳೆದುಕೊಂಡರೆ ಅಜ್ಜಿಯ ಸಮಾಧಾನಕ್ಕೆ ಕಾಯದೆ ಡಾಕ್ಟರ್ ಹತ್ತಿರ ಹೋಗಬೇಕು.

ಹೀಗಾಗುವುದಕ್ಕೆ ಹಲವು ಕಾರಣಗಳಿವೆ. ಅದರಲ್ಲಿ ಒಂದು ರೆಟ್ ಸಿಂಡ್ರೋಮ್. ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಬರುತ್ತೆ. ಅಪರೂಪ ನಿಜ, ಆದರೆ ನಮ್ಮಷ್ಟು ಜನಸಂಖ್ಯೆಯ ದೇಶದಲ್ಲಿ ಅಪರೂಪ ಅಂದರೂ ಸಾವಿರಾರು ಮನೆಗಳ ಮಾತು.

ಒಂದೇ ಥರ ಕೈ ಹೊಸೆಯುತ್ತಿದ್ದ ಇಬ್ಬರು

1954. ಆಸ್ಟ್ರಿಯಾದ ವಿಯೆನ್ನಾ. ಆಂಡ್ರಿಯಾಸ್ ರೆಟ್ ಎಂಬ ಮಕ್ಕಳ ವೈದ್ಯರ ಕ್ಲಿನಿಕ್ಕಿನಲ್ಲಿ ಇಬ್ಬರು ಹುಡುಗಿಯರು ಅವರವರ ಅಮ್ಮನ ಮಡಿಲಲ್ಲಿ ಕೂತು ಕಾಯುತ್ತಿದ್ದರು. ಒಬ್ಬರಿಗೊಬ್ಬರು ಸಂಬಂಧವಿಲ್ಲ. ಆದರೆ ಇಬ್ಬರೂ ಕೈ ತೊಳೆಯುವವರ ಹಾಗೆ ಒಂದೇ ಸಮನೆ ಕೈ ಹೊಸೆಯುತ್ತಿದ್ದರು. ರೆಟ್ ತಮ್ಮ ಹಳೆಯ ರೋಗಿಗಳ ದಾಖಲೆ ತೆಗೆದು ನೋಡಿದರು. ಇಂಥವರು ಇನ್ನೂ ಇದ್ದರು.

1966ರಲ್ಲಿ ಅವರು ಇದನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಹೊರಗಿನ ಜಗತ್ತು ಗಮನಿಸಲೇ ಇಲ್ಲ. 1983ರಲ್ಲಿ ಸ್ವೀಡನ್ನಿನ ಬೆಂಗ್ಟ್ ಹಾಗ್‌ಬರ್ಗ್ ಮತ್ತು ಸಂಗಡಿಗರು 35 ಹುಡುಗಿಯರ ವಿವರವನ್ನು ಇಂಗ್ಲಿಷಿನಲ್ಲಿ ಬರೆದು, ರೆಟ್ ಹೆಸರನ್ನೇ ಇಟ್ಟ ಮೇಲೆ ಎಲ್ಲ ಕಡೆಯ ವೈದ್ಯರೂ ಇದನ್ನು ಗುರುತಿಸತೊಡಗಿದರು. ಅಲ್ಲಿವರೆಗೆ ಎಷ್ಟೋ ಮಕ್ಕಳಿಗೆ ಕಾಯಿಲೆಯ ಹೆಸರೂ ಸಿಕ್ಕಿರಲಿಲ್ಲ.

ಮೆದುಳಲ್ಲಿ ಆಗೋದೇನು?

1999ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಹುದಾ ಜೋಗ್ಬಿ ಅವರ ಪ್ರಯೋಗಾಲಯ ಇದರ ಮೂಲ ಹುಡುಕಿತು. ಎಕ್ಸ್ ಕ್ರೋಮೋಸೋಮಿನಲ್ಲಿರುವ ಎಂಇಸಿಪಿ2 ಎಂಬ ಜೀನ್‌ನಲ್ಲಿ ದೋಷ.

ಈ ಜೀನ್‌ನಿಂದ ತಯಾರಾಗುವ ಪ್ರೋಟೀನಿನ ಕೆಲಸ ಆರ್ಕೆಸ್ಟ್ರಾದಲ್ಲಿ ಸೌಂಡ್ ಮಿಕ್ಸರ್ ಮುಂದೆ ಕೂತವನ ಕೆಲಸ ಇದ್ದ ಹಾಗೆ. ಹಾಡೋದಿಲ್ಲ, ತಬಲಾ ಬಾರಿಸೋದಿಲ್ಲ. ಆದರೆ ಯಾವ ಮೈಕ್ ಎಷ್ಟು ಜೋರಿರಬೇಕು ಅಂತ ನೋಡಿಕೊಳ್ಳುವುದು ಅವನೇ. ಹಾಗೆಯೇ ಈ ಪ್ರೋಟೀನು ನರಕೋಶದಲ್ಲಿ ಬೇರೆ ಸಾವಿರಾರು ಜೀನ್‌ಗಳು ಎಷ್ಟು ಕೆಲಸ ಮಾಡಬೇಕು ಅನ್ನೋದನ್ನು ಹದದಲ್ಲಿಡುತ್ತೆ. ಹುಟ್ಟಿದ ಮೇಲೆ, ನರಕೋಶಗಳು ಬಲಿತು ಒಂದಕ್ಕೊಂದು ಸಂಪರ್ಕ ಬೆಳೆಸುವ ಹೊತ್ತಿಗೆ ಇದರ ಅಗತ್ಯ ತುಂಬಾ ಹೆಚ್ಚಾಗುತ್ತೆ. ಮೊದಲ ಆರೇಳು ತಿಂಗಳು ಎಲ್ಲ ಸರಿ ಇದ್ದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ನರಕೋಶಗಳು ಸಾಮೂಹಿಕವಾಗಿ ಸಾಯುವುದಿಲ್ಲ. ಇರುತ್ತವೆ, ಆದರೆ ಚಿಕ್ಕದಾಗಿ, ಕಡಿಮೆ ಕವಲುಗಳೊಂದಿಗೆ, ಕಡಿಮೆ ಸಂಪರ್ಕಗಳೊಂದಿಗೆ. ತಲೆಯ ಬೆಳವಣಿಗೆಯೂ ನಿಧಾನವಾಗುತ್ತೆ. ವಯಸ್ಸಾದವರ ಮರೆವಿನ ಕಾಯಿಲೆಯಲ್ಲಿ ಕೋಶಗಳೇ ನಾಶವಾಗುತ್ತಾ ಹೋಗುತ್ತವೆ. ಇದು ಬೇರೆ. ಕಟ್ಟುವ ಕೆಲಸ ನಡುವೆ ಏರುಪೇರಾದ ಮೆದುಳು ಇದು.

ಈ ವ್ಯತ್ಯಾಸಕ್ಕೆ ಎಷ್ಟು ಬೆಲೆ ಅಂತ 2007ರಲ್ಲಿ ಗೊತ್ತಾಯ್ತು. ಸ್ಕಾಟ್ಲೆಂಡಿನ ಏಡ್ರಿಯನ್ ಬರ್ಡ್ ತಂಡ ಇಲಿಗಳಲ್ಲಿ ಈ ಜೀನ್ ಆಫ್ ಮಾಡಿ, ಅವಕ್ಕೆ ಕಾಯಿಲೆಯ ಲಕ್ಷಣ ಬಂದ ಮೇಲೆ ಮತ್ತೆ ಆನ್ ಮಾಡಿತು. ಲಕ್ಷಣಗಳು ಬಹುಮಟ್ಟಿಗೆ ಹೋದವು. ಬೆಳೆದ ಇಲಿಗಳಲ್ಲೂ! ಇಲಿ ಬೇರೆ, ಮನುಷ್ಯ ಬೇರೆ, ಒಪ್ಪೋಣ. ಆದರೂ 'ಹಾಳಾಗಿ ಹೋದ ಮೆದುಳು, ಇನ್ನೇನೂ ಆಗಲ್ಲ' ಅನ್ನೋ ಮಾತಿಗೆ ಅಲ್ಲಿಗೆ ಆಧಾರ ತಪ್ಪಿತು.

ಯಾರ ತಪ್ಪು?

ಮಗುವಿಗೆ ಏನಾದರೂ ಆದರೆ ಮೊದಲು ಕಟಕಟೆ ಹತ್ತುವವಳು ತಾಯಿ. ಬಸುರಿಯಾಗಿದ್ದಾಗ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟು ಕೆಲಸ ಮಾಡಿದ್ದು, ಆರು ತಿಂಗಳಿಗೇ ಆಫೀಸಿಗೆ ಹೋಗಿದ್ದು, ಊಟ ಮಾಡಿಸುವಾಗ ಮೊಬೈಲ್ ಕೊಟ್ಟಿದ್ದು, ಗ್ರಹಣದ ದಿನ ಹೊರಗೆ ಬಂದಿದ್ದು... ಪಟ್ಟಿ ರೆಡಿ ಇರುತ್ತೆ. ಮಗು ಕಳೆಗುಂದುವ ವಯಸ್ಸಿನಲ್ಲೇ ಕೆಲವು ಲಸಿಕೆಗಳೂ ಇರುವುದರಿಂದ ಅದರ ಮೇಲೂ ಅನುಮಾನ.

ಇವುಗಳಲ್ಲಿ ಒಂದೂ ಕಾರಣವಲ್ಲ. ಬಹುತೇಕ ಎಲ್ಲ ಮಕ್ಕಳಲ್ಲೂ ಈ ದೋಷ ವಂಶದಿಂದ ಬಂದಿರುವುದಿಲ್ಲ, ಹೊಸದಾಗಿ ಆಕಸ್ಮಿಕವಾಗಿ ಆಗಿರುತ್ತೆ. ಅದೂ ಹೆಚ್ಚಿನ ಸಲ ತಂದೆಯ ವೀರ್ಯಾಣುವಿನಲ್ಲಿ. ಹಾಗಂತ ಈಗ ಅಪ್ಪನ ಕಡೆ ಬೆರಳು ತೋರಿಸಬೇಡಿ. ಕೋಟಿಗಟ್ಟಲೆ ಪ್ರತಿ ತೆಗೆಯುವಾಗ ಒಂದು ಅಕ್ಷರ ತಪ್ಪಿದ ಹಾಗೆ ಅದು. ಅದನ್ನು ತಡೆಯುವ ಪಥ್ಯ, ಪೂಜೆ ಯಾವುದೂ ಇಲ್ಲ.

ಹೆಣ್ಣುಮಕ್ಕಳಿಗೇ ಯಾಕೆ ಹೆಚ್ಚು? ತಂದೆಯ ಎಕ್ಸ್ ಹೋಗೋದು ಮಗಳಿಗೆ ಮಾತ್ರ. ಜೊತೆಗೆ ಹುಡುಗಿಯರಿಗೆ ಎರಡು ಎಕ್ಸ್ ಇರುತ್ತೆ, ಪ್ರತಿ ಕೋಶ ಅದರಲ್ಲಿ ಒಂದನ್ನು ಮಾತ್ರ ಬಳಸುತ್ತೆ. ಹಾಗಾಗಿ ಕೆಲವು ಕೋಶಗಳಲ್ಲಿ ಸರಿಯಾದ ಜೀನ್ ಕೆಲಸ ಮಾಡುತ್ತಿರುತ್ತೆ. ಒಂದೇ ಎಕ್ಸ್ ಇರುವ ಗಂಡುಮಗುವಿಗೆ ಆ ಆಸರೆಯೂ ಇಲ್ಲ, ಕಾಯಿಲೆ ಬಹಳ ತೀವ್ರವಾಗಿ ಶೈಶವದಲ್ಲೇ ಬರುತ್ತೆ.

ಏನು ಗಮನಿಸಬೇಕು?

ಕೈ ಬಳಕೆ, ಮಾತು ಕಡಿಮೆಯಾಗುವುದು. ಎದೆಯ ಮುಂದೆ ಕೈ ಹೊಸೆಯುವುದು, ತಟ್ಟುವುದು, ಬಾಯಿಗೆ ಹಾಕುವುದು. ನಡಿಗೆ ತೊದಲುವುದು ಅಥವಾ ನಡೆಯದೇ ಇರುವುದು. ಎಚ್ಚರವಿದ್ದಾಗ ಉಸಿರು ಬಿಗಿಹಿಡಿಯುವುದು, ಏದುಸಿರು ಬಿಡುವುದು. ಹಲ್ಲು ಕಡಿಯುವುದು. ಕಳೆದುಕೊಳ್ಳುವ ಹಂತದಲ್ಲಿ ಮಗು ಕಣ್ಣು ಕೊಟ್ಟು ನೋಡದೇ ಇರಬಹುದು. ಆಗ ಆಟಿಸಂ ಅಂತ ಅಂದುಕೊಳ್ಳುವುದುಂಟು.

ನಿಮ್ಮ ಫೋನಿನ ಗ್ಯಾಲರಿ ಇಲ್ಲಿ ಉಪಯೋಗಕ್ಕೆ ಬರುತ್ತೆ. ಮೊದಲ ಹುಟ್ಟುಹಬ್ಬದ ವಿಡಿಯೊ, ಈಗಿನ ವಿಡಿಯೊ ಎರಡನ್ನೂ ಡಾಕ್ಟರಿಗೆ ತೋರಿಸಿ. ಬಾಯಿಮಾತಿಗಿಂತ ಅದು ಸ್ಪಷ್ಟ. ನೋಡಬೇಕಾದವರು ಮಕ್ಕಳ ನರರೋಗ ತಜ್ಞರು. ರಕ್ತದ ಜೀನ್ ಪರೀಕ್ಷೆಯಿಂದ ಹೆಚ್ಚಿನ ಸಲ ಖಚಿತವಾಗುತ್ತೆ. ಇನ್ನೊಂದು ಮಗು ಬೇಕು ಅಂದುಕೊಂಡವರು ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಿಕೊಳ್ಳಿ. ಮತ್ತೆ ಬರುವ ಸಾಧ್ಯತೆ ತೀರಾ ಕಡಿಮೆ, ಆದರೆ ಸೊನ್ನೆಯಲ್ಲ.

ಔಷಧಿ ಇದೆಯಾ?

ಪೂರ್ತಿ ಗುಣಪಡಿಸುವ ಔಷಧಿ ಇಲ್ಲ. 2023ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಡಿಎ ಟ್ರೋಫಿನೆಟೈಡ್ ಎಂಬ ಔಷಧಿಗೆ ಒಪ್ಪಿಗೆ ಕೊಟ್ಟಿತು. ರೆಟ್‌ಗೆಂದೇ ಬಂದ ಮೊದಲ ಔಷಧಿ. ಕೆಲವರಲ್ಲಿ ಲಕ್ಷಣ ಸ್ವಲ್ಪ ಕಡಿಮೆ ಮಾಡುತ್ತೆ. ಭೇದಿ ಸಾಮಾನ್ಯ, ಬೆಲೆ ವಿಪರೀತ. ಜೀನ್ ಥೆರಪಿಯ ಪ್ರಯೋಗಗಳೂ ನಡೆದಿವೆ. ಕಷ್ಟ ಏನಂದರೆ ಈ ಪ್ರೋಟೀನು ಹೆಚ್ಚಾದರೂ ಅಪಾಯವೇ. ಈ ಜೀನ್ ಎರಡೆರಡು ಪ್ರತಿ ಇದ್ದವರಿಗೆ ಬೇರೊಂದು ಗಂಭೀರ ಕಾಯಿಲೆ ಬರುತ್ತೆ. ಹಾಗಾಗಿ ಹದ ತಪ್ಪುವಂತಿಲ್ಲ.

ಅಲ್ಲಿವರೆಗೆ ಆರೈಕೆಯೇ ದೊಡ್ಡ ಚಿಕಿತ್ಸೆ. ಫಿಟ್ಸ್‌ಗೆ ಮಾತ್ರೆ, ಬೆನ್ನುಮೂಳೆ ಬಾಗದಂತೆ ನಿಗಾ, ಹೃದಯದ ಇಸಿಜಿ, ಫಿಸಿಯೋಥೆರಪಿ, ನುಂಗಲು ಸುಲಭವಾದ ಪೌಷ್ಟಿಕ ಊಟ. ಈ ಹುಡುಗಿಯರಲ್ಲಿ ಅನೇಕರು ನಡುವಯಸ್ಸಿನವರೆಗೂ ಬದುಕುತ್ತಾರೆ. ಆದ್ದರಿಂದ ಕಾಗದಪತ್ರವೂ ಮುಖ್ಯ. ಅಂಗವೈಕಲ್ಯದ ಯುಡಿಐಡಿ ಕಾರ್ಡ್ ಮಾಡಿಸಿ. ನ್ಯಾಷನಲ್ ಟ್ರಸ್ಟಿನ 'ನಿರಾಮಯ' ಆರೋಗ್ಯ ವಿಮೆಗೆ ಅರ್ಹತೆ ಇದೆಯೇ ವಿಚಾರಿಸಿ. ಮಗಳಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕರ ನೇಮಕದ ಬಗ್ಗೆಯೂ ಮೊದಲೇ ತಿಳಿದುಕೊಳ್ಳಿ.

ಉತ್ತರಕ್ಕೆ ಕಾಯಿರಿ

ಈ ಮಕ್ಕಳಿಗೆ ಮಾಡಬೇಕು ಅನ್ನೋ ಮನಸ್ಸಿರುತ್ತೆ, ಆದರೆ ಕೈಗೆ, ಬಾಯಿಗೆ ಆ ಆದೇಶ ತಲುಪುವುದಿಲ್ಲ. ಕಣ್ಣು ಮಾತ್ರ ಹೆಚ್ಚಿನವರಲ್ಲಿ ಮಾತು ಕೇಳುತ್ತೆ. ಕಳೆದುಕೊಳ್ಳುವ ಹಂತ ದಾಟಿದ ಮೇಲೆ ಅವರ ನೋಟ ಮರಳಿ ಬರುತ್ತೆ, ಎಷ್ಟೋ ಮಕ್ಕಳು ಆಮೇಲೆ ಕಣ್ಣಿನಿಂದಲೇ ಬೇಕು-ಬೇಡ ಹೇಳುತ್ತಾರೆ. ಕಣ್ಣಿನ ಚಲನೆ ಗುರುತಿಸುವ ಕಂಪ್ಯೂಟರುಗಳಿವೆ. ಇಲ್ಲದಿದ್ದರೆ ಎರಡು ಚಿತ್ರ ಸಾಕು. ಒಂದು ಕೈಯಲ್ಲಿ ಬಾಳೆಹಣ್ಣಿನ ಚಿತ್ರ, ಇನ್ನೊಂದರಲ್ಲಿ ಮೊಸರನ್ನದ್ದು. "ಯಾವುದು ಬೇಕು ಪುಟ್ಟಾ?" ಅಂತ ಕೇಳಿ. ಆಮೇಲೆ ಸುಮ್ಮನೆ ಕಾಯಿರಿ. ಉತ್ತರ ಬರೋಕೆ ಅರ್ಧ ನಿಮಿಷ ಬೇಕಾಗಬಹುದು, ಒಂದೊಂದು ದಿನ ಇನ್ನೂ ಹೆಚ್ಚು. ನಾವು ಅಷ್ಟರೊಳಗೆ "ಇವಳಿಗೇನೂ ಗೊತ್ತಾಗಲ್ಲ" ಅಂತ ಎದ್ದುಬಿಡುತ್ತೇವೆ.

ನಿಮ್ಮ ಸಂಬಂಧಿಕರಲ್ಲೋ, ಅಪಾರ್ಟ್‌ಮೆಂಟಿನಲ್ಲೋ ಇಂಥ ಮಗು ಇದ್ದರೆ ಅವಳ ಎದುರೇ "ಅಯ್ಯೋ ಪಾಪ" ಅನ್ನಬೇಡಿ. ಅವಳು ಕೇಳಿಸಿಕೊಳ್ಳುತ್ತಿರುತ್ತಾಳೆ. ಅವಳ ಹೆಸರು ಹಿಡಿದು ಮಾತಾಡಿಸಿ, ಮುಖ ನೋಡಿ, ಅವಳ ಸರದಿ ಬರುವವರೆಗೆ ಕಾಯಿರಿ. ಅವರಮ್ಮನಿಗೆ ಸಲಹೆ ಕೊಡುವ ಬದಲು ಒಂದು ಭಾನುವಾರ ಮಗುವನ್ನು ನೋಡಿಕೊಂಡು, ಎರಡು ಗಂಟೆ ನಿದ್ದೆ ಮಾಡಲು ಬಿಡಿ. ಈ ಮಕ್ಕಳು ರಾತ್ರಿ ಸರಿಯಾಗಿ ಮಲಗುವುದಿಲ್ಲ. ಅಂದರೆ ಅವರಮ್ಮನೂ ಮಲಗಿರುವುದಿಲ್ಲ.